ಗುಟ್ಟು ಬಿಡದ ಲೆಕ್ಕ, ಎಲ್ಲರೆದುರು ಎತ್ತಿದ ಚೀಟಿ: ಆರ್ಪಾ ಟೋಕನ್ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮಗೆ ಹನ್ನೆರಡು ಎಕರೆ ಕಾಫಿ ತೋಟವಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಈ ವರ್ಷದ ಕಾಫಿ ಹಣದಲ್ಲಿ ಎರಡು ಲಕ್ಷ ರೂಪಾಯಿಯನ್ನು ‘ಆರ್ಪಾ’ ಎಂಬ ಕ್ರಿಪ್ಟೋ ಟೋಕನ್‌ಗೆ ಹಾಕೋಣ ಎನ್ನುತ್ತಿದ್ದಾನೆ. ಅದು ಲೆಕ್ಕವನ್ನು ಗುಟ್ಟಾಗಿ ಮಾಡಿಕೊಡುತ್ತದೆ, ಲಾಟರಿಯನ್ನು ಮೋಸವಿಲ್ಲದೆ ಎತ್ತಿಕೊಡುತ್ತದೆ ಎಂಬುದು ಅವನ ವಿವರಣೆ. ಇಂಟರ್ನೆಟ್ ಕಂಡುಹಿಡಿದ ಅಮೆರಿಕದ ಸಂಸ್ಥೆಯೇ ಇದರ ಹಿಂದಿದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲೂ ಬಂದಿದೆ. ಇದು ನಿಜವಾದ ಕೆಲಸವೇ? ಇದರಲ್ಲಿ ದುಡ್ಡು ಹಾಕಬಹುದೇ? ನಮ್ಮ ಬೆಳೆಗಾರರ ಗುಂಪಿನಲ್ಲಿ ಯಾರೂ ತಮಗೆ ಸಿಕ್ಕ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇನಾದರೂ ಈ ವಿದ್ಯೆ ನೆರವಾದೀತೇ?

ಉತ್ತರ: ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಾತು ತಪ್ಪು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ರಕ್ಷಣಾ ಇಲಾಖೆ 1958ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಗೆ ಆರ್ಪಾ ಎಂಬ ಹೆಸರಿತ್ತು. ಅದರ ಆಶ್ರಯದಲ್ಲಿ 1969ರಲ್ಲಿ ಆರಂಭವಾದ ಆರ್ಪಾನೆಟ್ ಇಂದಿನ ಇಂಟರ್ನೆಟ್‌ಗೆ ಮೂಲವಾಯಿತು. 1972ರಲ್ಲಿ ಸಂಸ್ಥೆಯ ಹೆಸರು ಡಾರ್ಪಾ ಎಂದಾಯಿತು. ನಿಮ್ಮ ಮಗ ಹೇಳುತ್ತಿರುವ ಆರ್ಪಾ 2018ರಲ್ಲಿ ಶುರುವಾದ ಖಾಸಗಿ ಯೋಜನೆ. ಎಥೀರಿಯಂ ಎಂಬ ಬ್ಲಾಕ್‌ಚೈನ್‌ನ ಮೇಲೆ, ಎಂದರೆ ಸಾವಿರಾರು ಕಂಪ್ಯೂಟರ್‌ಗಳು ಒಟ್ಟಾಗಿ ಇಡುವ, ಎಲ್ಲರಿಗೂ ತೆರೆದ ಲೆಕ್ಕದ ಪುಸ್ತಕದ ಮೇಲೆ, ಅದರ ಟೋಕನ್ ಇದೆ. ಒಟ್ಟು ಟೋಕನ್‌ಗಳ ಸಂಖ್ಯೆಗೆ 200 ಕೋಟಿಯ ಮಿತಿ ಇದೆ. ಈ ಎರಡಕ್ಕೂ ಹೆಸರೊಂದನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಕೆಲಸ ನಿಜವೇ ಎಂಬುದಕ್ಕೆ ನನ್ನ ಉತ್ತರ ಹೌದು ಎಂದೇ. ಆದರೆ ಕೆಲಸ ನಿಜವಾದ ಮಾತ್ರಕ್ಕೆ ಟೋಕನ್‌ನ ಬೆಲೆ ಏರುತ್ತದೆ ಎಂದಾಗುವುದಿಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಹಣ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಮೂರನೆಯ ಪ್ರಶ್ನೆಯನ್ನು ನೀವು ಕೊನೆಯ ಸಾಲಿನಲ್ಲಿ ಸಂಕೋಚದಿಂದಲೇ ಕೇಳಿದ್ದೀರಿ. ಹಾಸನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗೂಢಲಿಪಿಶಾಸ್ತ್ರ ಕಲಿಸುವ ನನಗೆ ಮೂರರಲ್ಲಿ ಅದೇ ಹೆಚ್ಚು ಬೆಲೆಯುಳ್ಳ ಪ್ರಶ್ನೆಯಾಗಿ ಕಂಡಿತು.

ಗುಟ್ಟಾದ ಲೆಕ್ಕ ಎಂದರೇನು ಎಂಬುದನ್ನು ನಿಮ್ಮ ಗುಂಪಿನ ಉದಾಹರಣೆಯಿಂದಲೇ ವಿವರಿಸಬಹುದು. ಮೂಡಿಗೆರೆಯ, ಸಕಲೇಶಪುರದ ಮತ್ತು ಬೇಲೂರಿನ ಮೂವರು ಬೆಳೆಗಾರರು ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಮಾರಿದ್ದಾರೆ ಎಂದುಕೊಳ್ಳಿ. 50 ಕೆಜಿ ಚೀಲಕ್ಕೆ ಮೊದಲನೆಯವರಿಗೆ 24,600 ರೂಪಾಯಿ, ಎರಡನೆಯವರಿಗೆ 24,900, ಮೂರನೆಯವರಿಗೆ 25,800 ಸಿಕ್ಕಿದೆ. ಇವು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಅಂಕಿಗಳೇ ಹೊರತು ಮಾರುಕಟ್ಟೆಯ ಧಾರಣೆಯಲ್ಲ. ಯಾರೂ ತಮ್ಮ ಬೆಲೆಯನ್ನು ಹೇಳಲು ಸಿದ್ಧರಿಲ್ಲ, ಆದರೆ ಸರಾಸರಿ ಎಷ್ಟು ಎಂಬುದು ಎಲ್ಲರಿಗೂ ಬೇಕು.

ಮೊದಲನೆಯವರು ತಮ್ಮ 24,600ನ್ನು ಮೂರು ಚೂರು ಮಾಡುತ್ತಾರೆ. ಮೊದಲೆರಡು ಚೂರುಗಳನ್ನು ಮನಸ್ಸಿಗೆ ಬಂದಂತೆ ಆರಿಸುತ್ತಾರೆ: 71,340 ಮತ್ತು 8,915. ಮೂರೂ ಕೂಡಿ, ಲಕ್ಷ ದಾಟಿದರೆ ಒಂದು ಲಕ್ಷವನ್ನು ಬಿಟ್ಟುಬಿಟ್ಟಾಗ 24,600 ಉಳಿಯುವಂತೆ ಮೂರನೆಯ ಚೂರನ್ನು ಇಡುತ್ತಾರೆ: 44,345. ಕೂಡಿ ನೋಡಿ, 1,24,600 ಬರುತ್ತದೆ. ಲಕ್ಷವನ್ನು ಬಿಟ್ಟರೆ ಅವರ ಬೆಲೆ ಉಳಿಯುತ್ತದೆ. ಈ ಚೂರುಗಳಲ್ಲಿ ಒಂದನ್ನು ತಾವಿಟ್ಟುಕೊಂಡು ಉಳಿದೆರಡನ್ನು ಇಬ್ಬರಿಗೆ ಒಂದೊಂದಾಗಿ ಕೊಡುತ್ತಾರೆ. 8,915 ಎಂಬ ಚೂರು ಕೈಗೆ ಸಿಕ್ಕವರಿಗೆ ಮೂಲ ಬೆಲೆಯ ಬಗ್ಗೆ ತಿಳಿಯುವುದು ಏನೂ ಇಲ್ಲ. ಬೆಲೆ ಸೊನ್ನೆಯಿಂದ 99,999ರವರೆಗೆ ಯಾವುದೂ ಆಗಿರಬಹುದು, ಎಲ್ಲವೂ ಅಷ್ಟೇ ಸಂಭವನೀಯ. ಉಳಿದಿಬ್ಬರೂ ತಮ್ಮ ಬೆಲೆಯನ್ನು ಹೀಗೆಯೇ ಹಂಚುತ್ತಾರೆ: 24,900ನ್ನು 3,480, 92,015 ಮತ್ತು 29,405 ಆಗಿ, 25,800ನ್ನು 60,120, 47,330 ಮತ್ತು 18,350 ಆಗಿ. ಈಗ ಪ್ರತಿಯೊಬ್ಬರೂ ತಮ್ಮ ಕೈಯಲ್ಲಿರುವ ಮೂರು ಚೂರುಗಳನ್ನು ಕೂಡಿ, ಲಕ್ಷ ದಾಟಿದರೆ ಲಕ್ಷವನ್ನು ಬಿಟ್ಟು, ಉಳಿದ ಮೊತ್ತವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಾರೆ. ಮೊದಲನೆಯವರಲ್ಲಿ 34,940, ಎರಡನೆಯವರಲ್ಲಿ 48,260, ಮೂರನೆಯವರಲ್ಲಿ 92,100. ಇವನ್ನು ಕೂಡಿ ಲಕ್ಷವನ್ನು ಬಿಟ್ಟರೆ 75,300. ಮೂರರಿಂದ ಭಾಗಿಸಿದರೆ ಸರಾಸರಿ 25,100. ಉತ್ತರ ನಿಖರವಾಗಿ ಬಂತು, ಆದರೆ ಯಾರ ಬೆಲೆಯೂ ಇನ್ನೊಬ್ಬರ ಕಿವಿಗೆ ಬೀಳಲಿಲ್ಲ. ಒಂದು ಹಾಳೆಯಲ್ಲಿ ಇದನ್ನು ನೀವೇ ಮಾಡಿ ನೋಡಬೇಕೆಂದು ನನ್ನ ಆಗ್ರಹ; ಕೈಯಾರೆ ಮಾಡಿದವರಿಗೆ ಸಿಗುವ ನಂಬಿಕೆ ಓದಿದವರಿಗೆ ಸಿಗುವುದಿಲ್ಲ.

ಗಣಕ ವಿಜ್ಞಾನದಲ್ಲಿ ಈ ವಿಚಾರಕ್ಕೆ ನಾಲ್ಕು ದಶಕಗಳ ಇತಿಹಾಸವಿದೆ. ಇಬ್ಬರು ಸಿರಿವಂತರು ತಮ್ಮ ಆಸ್ತಿ ಎಷ್ಟೆಂದು ಹೇಳದೆಯೇ ಇಬ್ಬರಲ್ಲಿ ಯಾರು ಹೆಚ್ಚು ಸಿರಿವಂತರು ಎಂದು ತಿಳಿಯಬಹುದೇ ಎಂಬ ಪ್ರಶ್ನೆಯನ್ನು ಆ್ಯಂಡ್ರೂ ಯಾವ್ 1982ರಲ್ಲಿ ಎತ್ತಿದರು. ಗುಟ್ಟನ್ನು ಚೂರುಗಳಾಗಿ ಹಂಚುವ ಒಂದು ಸೊಗಸಾದ ವಿಧಾನವನ್ನು ಅದಕ್ಕೂ ಮೊದಲೇ, 1979ರಲ್ಲಿ, ಆದಿ ಶಮೀರ್ ಕೊಟ್ಟಿದ್ದರು. 1980ರ ದಶಕ ಮುಗಿಯುವ ಹೊತ್ತಿಗೆ ಯಾವ ಲೆಕ್ಕವನ್ನಾದರೂ ಹೀಗೆ ಗುಟ್ಟಾಗಿ ಮಾಡಬಹುದು ಎಂಬುದು ಸಾಬೀತಾಗಿತ್ತು. ಕೂಡುವುದು ಸುಲಭ, ಮೇಲೆ ನೋಡಿದಿರಿ. ಗುಣಿಸುವುದು, ಹೋಲಿಸುವುದು ಕಷ್ಟ. ಅದಕ್ಕೆ ಕಂಪ್ಯೂಟರ್‌ಗಳ ನಡುವೆ ಬಹಳಷ್ಟು ಸಂದೇಶಗಳು ಓಡಾಡಬೇಕು. ಪಾಲುದಾರರಲ್ಲಿ ಬಹುಪಾಲು ಜನ ಮೋಸಗಾರರಾಗಿದ್ದರೂ ಪ್ರಾಮಾಣಿಕನೊಬ್ಬನ ಗುಟ್ಟನ್ನು ಕಾಯುವ, ತಪ್ಪು ಚೂರನ್ನು ನುಸುಳಿಸಿದರೆ ಹಿಡಿದುಹಾಕುವ ವಿಧಾನಗಳು 2012ರ ವೇಳೆಗೆ ಬಳಕೆಗೆ ತಕ್ಕಷ್ಟು ವೇಗ ಪಡೆದವು. ಆರ್ಪಾ ಯೋಜನೆ ಮೊದಲು ಹೊರಟದ್ದು ಈ ವಿದ್ಯೆಯನ್ನು ಬ್ಲಾಕ್‌ಚೈನ್‌ಗೆ ಜೋಡಿಸುವ ಉದ್ದೇಶದಿಂದ: ಲೆಕ್ಕವೆಲ್ಲ ಬ್ಲಾಕ್‌ಚೈನ್‌ನ ಹೊರಗೆ ಹಲವು ಕಂಪ್ಯೂಟರ್‌ಗಳ ನಡುವೆ ಗುಟ್ಟಾಗಿ ನಡೆಯಬೇಕು, ಫಲಿತಾಂಶ ಮತ್ತು ಅದು ಸರಿ ಎಂಬ ಪುರಾವೆ ಮಾತ್ರ ಬ್ಲಾಕ್‌ಚೈನ್‌ಗೆ ಬರಬೇಕು ಎಂಬುದು ಅದರ ಮೂಲ ಆಲೋಚನೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ‘ಗುಟ್ಟು’ ಎಂದ ಕೂಡಲೇ ಹಣ ಬಚ್ಚಿಡುವ ಸಾಧನವೆಂದು ಕೆಲವರು ಹೆದರುತ್ತಾರೆ, ಕೆಲವರು ಅದಕ್ಕಾಗಿಯೇ ಆಸೆಪಡುತ್ತಾರೆ. ಎರಡೂ ಸಲ್ಲದು. ಆರ್ಪಾ ಟೋಕನ್ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು ಎಂಬುದನ್ನು ಎಥೀರಿಯಂನ ಇತರ ಟೋಕನ್‌ಗಳಂತೆಯೇ ಯಾರು ಬೇಕಾದರೂ ನೋಡಬಹುದು. ಗುಟ್ಟಾಗಿರುವುದು ಲೆಕ್ಕಕ್ಕೆ ಕೊಟ್ಟ ಮಾಹಿತಿ, ಹಣದ ಓಡಾಟವಲ್ಲ.

ಇನ್ನು ಲಾಟರಿಯ ವಿಷಯ. ಚುನಾವಣೆಯಲ್ಲಿ ಇಬ್ಬರಿಗೆ ಸಮ ಮತ ಬಂದರೆ ಚೀಟಿ ಎತ್ತುತ್ತಾರೆ. ನಿವೇಶನ ಹಂಚುವಾಗಲೂ ಎತ್ತುತ್ತಾರೆ. ನಮ್ಮ ಕಡೆ ಡಬ್ಬಿಯನ್ನು ಎಲ್ಲರೆದುರು ಕುಲುಕಿ, ಒಂದು ಮಗುವಿನ ಕೈಯಲ್ಲಿ ಚೀಟಿ ಎತ್ತಿಸುವ ರೂಢಿಯುಂಟು. ಈ ರೂಢಿಯೊಳಗೆ ಬಹಳ ಆಳವಾದ ತಿಳಿವಳಿಕೆಯಿದೆ. ಯಾವ ಚೀಟಿ ಬರುತ್ತದೆಂದು ಮೊದಲೇ ಯಾರಿಗೂ ಗೊತ್ತಿರಬಾರದು. ಬರುವುದನ್ನು ಯಾರೂ ತಮಗೆ ಬೇಕಾದಂತೆ ಬದಲಿಸಲಾಗಬಾರದು. ಬಂದದ್ದು ಸರಿಯಾಗಿಯೇ ಬಂತೆಂದು ಅಲ್ಲಿದ್ದ ಎಲ್ಲರಿಗೂ ಮನವರಿಕೆಯಾಗಬೇಕು. ಪರಿಶೀಲಿಸಬಹುದಾದ ಯಾದೃಚ್ಛಿಕತೆ ಎಂದು ತಜ್ಞರು ಕರೆಯುವುದು ಈ ಮೂರೂ ಕೂಡಿದ್ದನ್ನೇ.

ಬ್ಲಾಕ್‌ಚೈನ್‌ನಲ್ಲಿ ಇದು ಕಷ್ಟವಾಗಲು ಕಾರಣವಿದೆ. ಅಲ್ಲಿ ಓಡುವ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ಪ್ರೋಗ್ರಾಮನ್ನು ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರ್‌ಗಳು ಪ್ರತ್ಯೇಕವಾಗಿ ಓಡಿಸಿ, ಎಲ್ಲಕ್ಕೂ ಒಂದೇ ಉತ್ತರ ಬಂತೇ ಎಂದು ತಾಳೆ ನೋಡುತ್ತವೆ. ಒಂದೊಂದು ಕಂಪ್ಯೂಟರ್ ಒಂದೊಂದು ದಾಳ ಉರುಳಿಸಿದರೆ ತಾಳೆಯೇ ಆಗುವುದಿಲ್ಲ. ಹೀಗಾಗಿ ಆ ಪ್ರೋಗ್ರಾಮಿನೊಳಗೆ ದಾಳವೆಂಬುದೇ ಇಲ್ಲ. ಆರಂಭದ ದಿನಗಳಲ್ಲಿ ಆಟ, ಲಾಟರಿ ಕಟ್ಟಿದವರು ಇತ್ತೀಚಿನ ಬ್ಲಾಕ್‌ನ (ಬ್ಲಾಕ್‌ಚೈನ್ ಎಂಬ ಪುಸ್ತಕದ ಒಂದು ಪುಟದ) ಹ್ಯಾಶ್ ಎಂಬ, ಅದರಲ್ಲಿ ಬರೆದದ್ದರಿಂದ ಲೆಕ್ಕ ಹಾಕಿ ಪಡೆದ ಸಂಖ್ಯೆಯನ್ನೇ ದಾಳವಾಗಿ ಬಳಸಿದರು. ಆ ಸಂಖ್ಯೆ ಮೊದಲು ಕಾಣುವುದು ಬ್ಲಾಕ್ ತಯಾರಿಸುವವನಿಗೆ; ತನಗೆ ಸೋಲು ತರುವ ಬ್ಲಾಕನ್ನು ಅವನು ಹೊರಬಿಡದೇ ಇರಬಹುದು. ಜೊತೆಗೆ ಎಥೀರಿಯಂನಲ್ಲಿ ಕಾಂಟ್ರ್ಯಾಕ್ಟ್ ಒಂದಕ್ಕೆ ಕೊನೆಯ 256 ಬ್ಲಾಕ್‌ಗಳ ಹ್ಯಾಶ್ ಮಾತ್ರ, ಅದನ್ನು ಕೇಳುವ ಆದೇಶದಿಂದ, ಸಿಗುತ್ತಿತ್ತು. ಅದಕ್ಕಿಂತ ಹಳೆಯದನ್ನು ಕೇಳಿದರೆ ಸೊನ್ನೆ ಬರುತ್ತಿತ್ತು. ಈ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯದವರ ಲಾಟರಿಯಲ್ಲಿ, ಸುಮ್ಮನೆ ಕಾದು ಕುಳಿತು ‘ಗೆಲ್ಲುವ’ ದಾರಿ ತೆರೆದುಕೊಳ್ಳುತ್ತಿತ್ತು.

ಆಮೇಲೆ ಬಂದದ್ದು, ಎಲ್ಲರೂ ಒಂದೊಂದು ಸಂಖ್ಯೆಯನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಎಲ್ಲ ಲಕೋಟೆ ಬಂದ ಮೇಲೆ ಒಡೆದು ಕೂಡುವ ಪದ್ಧತಿ. ಇದರಲ್ಲಿ ಕೊನೆಯ ಲಕೋಟೆಯವನದೇ ತೊಂದರೆ. ಉಳಿದವರೆಲ್ಲ ಒಡೆದ ಮೇಲೆ ಫಲ ಏನಾಗುತ್ತದೆಂದು ಅವನಿಗೆ ಗೊತ್ತಾಗುತ್ತದೆ. ತನಗೆ ಆಗದಿದ್ದರೆ ಲಕೋಟೆ ಒಡೆಯದೆ ಎದ್ದುಹೋಗುತ್ತಾನೆ, ಫಲ ಬದಲಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಹೊಸ ವ್ಯವಸ್ಥೆಗೆ ಬದಲಾದ ಮೇಲೆ ಅದರೊಳಗಿನ ಯಾದೃಚ್ಛಿಕ ಸಂಖ್ಯೆಯೂ ಈ ಬಗೆಯಲ್ಲೇ ಹುಟ್ಟುತ್ತಿದೆ, ಈ ದೌರ್ಬಲ್ಯ ಸ್ವಲ್ಪಮಟ್ಟಿಗೆ ಅಲ್ಲೂ ಇದೆ. ಚಿಕ್ಕ ಪಂದ್ಯಕ್ಕೆ ಅದು ಸಾಕು. ಕೋಟಿಗಟ್ಟಲೆ ಹಣದ ಲಾಟರಿಗೆ ಸಾಲದು.

ಆರ್ಪಾ ಕೈಗೆತ್ತಿಕೊಂಡ ಮುಖ್ಯ ಕೆಲಸಗಳಲ್ಲಿ ಒಂದು ಈ ಕೊನೆಯ ಲಕೋಟೆಯ ತೊಂದರೆಗೆ ಪರಿಹಾರ. ರ‍್ಯಾಂಡ್‌ಕಾಸ್ಟ್ ಎಂಬುದು ಅದರ ಸೇವೆಯ ಹೆಸರು. ಅದು ಹೇಗೆ ನಡೆಯುತ್ತದೆಂದು ತಿಳಿಯಲು ಡಿಜಿಟಲ್ ಸಹಿಯ ಒಂದು ಗುಣವನ್ನು ಗಮನಿಸಬೇಕು. ಬ್ಲಾಕ್‌ಚೈನ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಸಹಿಯ ವಿಧಾನದಲ್ಲಿ ಒಂದೇ ಸಂದೇಶಕ್ಕೆ ಒಬ್ಬನೇ ವ್ಯಕ್ತಿ ಬೇರೆಬೇರೆಯಾದ, ಎಲ್ಲವೂ ಸರಿಯಾದ ಸಹಿಗಳನ್ನು ಹಾಕಬಲ್ಲ. ನಾವು ಕೈಬರಹದಲ್ಲಿ ಹಾಕಿದ ಎರಡು ಸಹಿಗಳು ಒಂದೇ ಥರ ಇರುವುದಿಲ್ಲವಲ್ಲ, ಹಾಗೆ. ಬೋನೆ, ಲಿನ್ ಮತ್ತು ಶಾಕಮ್ ಎಂಬ ಮೂವರು 2001ರಲ್ಲಿ ಕೊಟ್ಟ, ಅವರ ಹೆಸರಿನ ಮೊದಲಕ್ಷರಗಳಿಂದ ಬಿಎಲ್‌ಎಸ್ ಎಂದು ಕರೆಯುವ ವಿಧಾನದಲ್ಲಿ ಹಾಗಲ್ಲ. ಒಂದು ಕೀಲಿಗೆ (ಸಹಿ ಹಾಕುವವನು ಗುಟ್ಟಾಗಿಡುವ ಸಂಖ್ಯೆಗೆ), ಒಂದು ಸಂದೇಶಕ್ಕೆ ಇರುವುದು ಒಂದೇ ಸರಿಯಾದ ಸಹಿ. ಕೀಲಿ ಇಲ್ಲದವರಿಗೆ ಆ ಸಹಿ ಏನಿರುತ್ತದೆಂದು ಊಹಿಸಲಾಗದು. ಸಹಿ ಹೊರಬಂದ ಮೇಲೆ ಅದು ಸರಿಯೇ ಎಂದು, ಆ ಕೀಲಿಗೆ ಜೋಡಿಯಾಗಿ ಎಲ್ಲರಿಗೂ ತೆರೆದಿಟ್ಟ ಸಾರ್ವಜನಿಕ ಕೀಲಿಯಿಂದ, ಯಾರು ಬೇಕಾದರೂ ಪರೀಕ್ಷಿಸಬಹುದು. ಸಹಿ ಹಾಕುವವನಿಗೂ ಅದನ್ನು ತನಗೆ ಬೇಕಾದಂತೆ ತಿರುಚುವ ಅವಕಾಶವಿಲ್ಲ. ಆ ಸಹಿಯನ್ನೇ ಅರೆದು ಸಂಖ್ಯೆಯಾಗಿಸಿದರೆ ಅದೇ ಚೀಟಿ.

ಆದರೆ ಕೀಲಿ ಒಬ್ಬನ ಕೈಯಲ್ಲಿದ್ದರೆ ಅವನು ಫಲವನ್ನು ಮೊದಲೇ ನೋಡಿಬಿಡುತ್ತಾನೆ. ಆದ್ದರಿಂದ ಕೀಲಿಯನ್ನೂ ಚೂರು ಮಾಡುತ್ತಾರೆ. ಕಾಗದದ ಮೇಲೆ ಎರಡು ಚುಕ್ಕೆಗಳಿದ್ದರೆ ಅವುಗಳ ಮೂಲಕ ಒಂದೇ ಸರಳ ರೇಖೆ ಹಾಯುತ್ತದೆ, ಒಂದೇ ಚುಕ್ಕೆ ಇದ್ದರೆ ಲೆಕ್ಕವಿಲ್ಲದಷ್ಟು ರೇಖೆಗಳು ಹಾಯುತ್ತವೆ ಎಂಬುದು ಶಾಲೆಯಲ್ಲಿ ಕಲಿತ ಪಾಠ. ಶಮೀರ್ ಅವರ ವಿಧಾನ ಅಲ್ಲಿಂದಲೇ ಹೊರಡುತ್ತದೆ: ಗುಟ್ಟನ್ನು ರೇಖೆಯೊಂದರಲ್ಲಿ ಅಡಗಿಸಿ, ರೇಖೆಯ ಮೇಲಿನ ಚುಕ್ಕೆಗಳನ್ನು ಹತ್ತಾರು ಜನರಿಗೆ ಹಂಚಿದರೆ, ಅವರಲ್ಲಿ ಯಾವ ಇಬ್ಬರು ಸೇರಿದರೂ ಗುಟ್ಟು ತಿಳಿಯುತ್ತದೆ, ಒಬ್ಬರೇ ಇದ್ದರೆ ತಿಳಿಯದು. ರೇಖೆಯ ಬದಲು ಬಾಗಿದ ವಕ್ರರೇಖೆ ಬಳಸಿದರೆ ಮೂವರು, ನಾಲ್ವರು, ಎಷ್ಟು ಜನ ಬೇಕೋ ಅಷ್ಟಕ್ಕೆ ಮಿತಿ ಇಡಬಹುದು. ರ‍್ಯಾಂಡ್‌ಕಾಸ್ಟ್‌ನಲ್ಲಿ ನೋಡ್ ಎಂದು ಕರೆಯುವ ಕಂಪ್ಯೂಟರ್‌ಗಳನ್ನು ಗುಂಪು ಮಾಡಿರುತ್ತಾರೆ. ಗುಂಪಿನ ಸದಸ್ಯರು ತಮ್ಮತಮ್ಮೊಳಗೇ ಸಂದೇಶ ವಿನಿಮಯ ಮಾಡಿಕೊಂಡು ಕೀಲಿಯ ಚೂರುಗಳನ್ನು ಹುಟ್ಟಿಸಿಕೊಳ್ಳುತ್ತಾರೆ; ಪೂರ್ತಿ ಕೀಲಿ ಯಾವ ಕ್ಷಣದಲ್ಲೂ ಯಾವ ಒಂದು ಯಂತ್ರದಲ್ಲೂ ಇರುವುದಿಲ್ಲ. ಯಾವುದೋ ಆಟದ ಕಾಂಟ್ರ್ಯಾಕ್ಟ್ ಸಂಖ್ಯೆಯೊಂದನ್ನು ಕೇಳಿದಾಗ, ಪ್ರತಿ ನೋಡ್ ತನ್ನ ಚೂರಿನಿಂದ ಅರೆಸಹಿ ಹಾಕುತ್ತದೆ. ಸಾಕಷ್ಟು ಅರೆಸಹಿಗಳು ಸೇರಿದಾಗ ಪೂರ್ಣ ಸಹಿ ಸಿದ್ಧವಾಗುತ್ತದೆ, ಅದನ್ನು ಬ್ಲಾಕ್‌ಚೈನ್‌ನಲ್ಲಿರುವ ಕಾಂಟ್ರ್ಯಾಕ್ಟ್ ಪರೀಕ್ಷಿಸಿ ಸಂಖ್ಯೆಯನ್ನು ಕೇಳಿದವರಿಗೆ ತಲುಪಿಸುತ್ತದೆ. ಕೆಲವರು ಮುನಿಸಿಕೊಂಡು ಎದ್ದುಹೋದರೂ ಉಳಿದವರಿಂದ ಬರುವುದು ಅದೇ ಸಹಿ, ಅದೇ ಸಂಖ್ಯೆ. ಇರುವುದೇ ಒಂದು ಸಹಿಯಾದ್ದರಿಂದ ಬೇರೆ ಬರಲು ಸಾಧ್ಯವೇ ಇಲ್ಲ. ಕೊನೆಯ ಲಕೋಟೆಯವನ ಆಟ ಇಲ್ಲಿಗೆ ಮುಗಿಯುತ್ತದೆ. ಇಷ್ಟು ವರ್ಷ ಪಾಠ ಮಾಡಿದರೂ ಈ ಜಾಗಕ್ಕೆ ಬಂದಾಗ ನನಗೆ ಆಗುವ ಸಂತೋಷ ಕಡಿಮೆಯಾಗಿಲ್ಲ.

ಹಾಗಾದರೆ ಟೋಕನ್ ಏಕೆ? ನೋಡ್ ನಡೆಸುವವರು ಟೋಕನ್‌ಗಳನ್ನು ಠೇವಣಿ ಇಡಬೇಕು. ಕೆಲಸ ಮಾಡಿದರೆ ಪ್ರತಿಫಲ, ತಪ್ಪಿದರೆ ದಂಡ. ಯೋಜನೆಯ ತೀರ್ಮಾನಗಳಲ್ಲಿ ಮತ ಹಾಕಲೂ ಟೋಕನ್ ಬಳಕೆಯಾಗುತ್ತದೆ. ಪರಿಚಯವಿಲ್ಲದವರೂ ಬಂದು ಸೇರಬಹುದಾದ ವ್ಯವಸ್ಥೆಯಲ್ಲಿ ಇಂಥ ಠೇವಣಿಗೆ ಅರ್ಥವಿದೆ. ಆದರೆ ಠೇವಣಿ ಯಾವ ತಪ್ಪನ್ನು ತಡೆಯಬಲ್ಲದು, ಯಾವುದನ್ನು ತಡೆಯಲಾರದು ಎಂಬುದನ್ನು ಮಾರಾಟದ ಮಾತಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕಾಗಿ ನಾನು ಹೇಳುತ್ತೇನೆ. ನೋಡ್ ಒಂದು ಕೆಲಸಕ್ಕೆ ಬರಲಿಲ್ಲ, ಅಥವಾ ತಪ್ಪು ಅರೆಸಹಿ ಕೊಟ್ಟಿತು ಎಂದರೆ ಅದು ಕಣ್ಣಿಗೆ ಬೀಳುತ್ತದೆ, ದಂಡ ಹಾಕಬಹುದು. ಮಿತಿಗೆ ಬೇಕಾದಷ್ಟು ನೋಡ್‌ಗಳ ಒಡೆಯರು ಒಂದು ಕೋಣೆಯಲ್ಲಿ ಕೂತು, ತಮ್ಮ ಚೂರುಗಳನ್ನು ಸೇರಿಸಿ, ಮುಂದೆ ಬರಲಿರುವ ಸಂಖ್ಯೆಯನ್ನು ಮೊದಲೇ ನೋಡಿಕೊಂಡರೆ? ಅವರು ಹೊರಗೆ ಕೊಡುವ ಸಹಿ ಸರಿಯಾದ ಸಹಿಯೇ ಆಗಿರುತ್ತದೆ. ಪರೀಕ್ಷೆಯಲ್ಲಿ ಪಾಸಾಗುತ್ತದೆ. ಬ್ಲಾಕ್‌ಚೈನ್‌ನಲ್ಲಿ ಒಂದು ಗೀಚು ಗುರುತೂ ಉಳಿಯುವುದಿಲ್ಲ. ಗುಟ್ಟಾಗಿ ಸೇರಿ ಇಣುಕಿ ನೋಡುವುದನ್ನು ಯಾವ ಠೇವಣಿಯೂ ಶಿಕ್ಷಿಸಲಾರದು, ಏಕೆಂದರೆ ಸಾಕ್ಷಿಯೇ ಇರುವುದಿಲ್ಲ. ಗುಟ್ಟಾದ ಲೆಕ್ಕದ ವಿಷಯದಲ್ಲೂ ಹೀಗೆಯೇ: ಚೂರು ಹಿಡಿದವರೆಲ್ಲ ಒಂದಾದರೆ ನಿಮ್ಮ ಬೆಲೆ ಬಯಲಾಗುತ್ತದೆ, ಬಯಲಾಯಿತೆಂಬುದು ನಿಮಗೆ ತಿಳಿಯುವುದೂ ಇಲ್ಲ. ಆದ್ದರಿಂದ ಈ ಬಗೆಯ ಯಾವ ಯೋಜನೆಯನ್ನು ನೋಡಿದರೂ ನಾನು ಮೊದಲು ಕೇಳುವುದು ಒಂದೇ. ನೋಡ್‌ಗಳು ನಿಜಕ್ಕೂ ಬೇರೆಬೇರೆಯವರ ಕೈಯಲ್ಲಿವೆಯೇ, ಅಥವಾ ಒಂದೇ ಮನೆಯವರು ಹತ್ತು ಹೆಸರಿನಲ್ಲಿ ನಡೆಸುತ್ತಿದ್ದಾರೆಯೇ? ಗಣಿತ ಎಷ್ಟೇ ಗಟ್ಟಿಯಾಗಿದ್ದರೂ ಈ ಪ್ರಶ್ನೆಗೆ ಉತ್ತರ ಗಣಿತದಲ್ಲಿಲ್ಲ.

ಇನ್ನೊಂದು ಸಂಗತಿಯನ್ನೂ ಮಗನ ಜೊತೆ ಚರ್ಚಿಸಿ. 2019ರಲ್ಲಿ ಕ್ಲೌಡ್‌ಫ್ಲೇರ್ ಕಂಪನಿ, ಚಿಲಿ ವಿಶ್ವವಿದ್ಯಾಲಯ, ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿರುವ ತಾಂತ್ರಿಕ ವಿಶ್ವವಿದ್ಯಾಲಯ ಮುಂತಾದ ಸಂಸ್ಥೆಗಳು ಸೇರಿ ಒಂದು ಕೂಟ ಕಟ್ಟಿಕೊಂಡವು. ಡಿರ‍್ಯಾಂಡ್ ಎಂಬ ತಂತ್ರಾಂಶದಿಂದ, ಇದೇ ಬಿಎಲ್‌ಎಸ್ ಅರೆಸಹಿಯ ವಿಧಾನದಿಂದಲೇ, ಅವು ನಿಗದಿತ ಅಂತರದಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಜಗತ್ತಿಗೆ ಉಚಿತವಾಗಿ ಕೊಡುತ್ತಿವೆ. ಅದಕ್ಕೆ ಟೋಕನ್ ಇಲ್ಲ. ಸೇವೆಗೆ ಹಣ ಕೊಟ್ಟು ಪಡೆಯುವವರಿಗೆ ಚೈನ್‌ಲಿಂಕ್ ಎಂಬ ಬಹಳ ದೊಡ್ಡ ಪ್ರತಿಸ್ಪರ್ಧಿಯೂ ಇದೆ. ಅಂದರೆ ಒಳ್ಳೆಯ ಗಣಿತ ಆರ್ಪಾದ ಸ್ವಂತ ಸ್ವತ್ತಲ್ಲ. ಟೋಕನ್‌ನ ಬೆಲೆ ಏರಬೇಕಾದರೆ ಸೇವೆಯನ್ನು ಹಣ ಕೊಟ್ಟು ಬಳಸುವವರು ಹೆಚ್ಚಬೇಕು, ಅವರು ಕೊಡುವ ಶುಲ್ಕ ಯಾವುದಾದರೂ ದಾರಿಯಿಂದ ಟೋಕನ್ ಹಿಡಿದವರಿಗೆ ಬರಬೇಕು, ಪ್ರತಿಫಲವಾಗಿ ಹಂಚುವ ಟೋಕನ್‌ಗಳು ಆ ಬೇಡಿಕೆಯನ್ನು ಮೀರಬಾರದು. ಈ ಮೂರರಲ್ಲಿ ಒಂದು ಕೊಂಡಿ ಕಳಚಿದರೂ ಕೆಲಸ ಚೆನ್ನಾಗಿ ನಡೆಯುತ್ತಿರುವಾಗಲೇ ಬೆಲೆ ಕುಸಿಯಬಹುದು. ನಮ್ಮ ಕಾಫಿ ಲೋಕದ ಅತ್ಯುತ್ತಮ ಪರಿಮಳವಿದ್ದ ಬೆಳೆ ಕೂಡ ನೆಲಕಚ್ಚಿದ ಬೆಲೆಗೆ ಹೋದ ವರ್ಷಗಳನ್ನು ನೀವು ಕಂಡವರು; ನಿಮಗೆ ಹೆಚ್ಚು ಹೇಳಬೇಕಿಲ್ಲ. ‘ಈ ಸೇವೆಗೆ ಕಳೆದ ಮೂರು ತಿಂಗಳಲ್ಲಿ ಹಣ ಕೊಟ್ಟವರು ಯಾರು, ಎಷ್ಟು ಕೊಟ್ಟರು, ಯಾವ ನಾಣ್ಯದಲ್ಲಿ ಕೊಟ್ಟರು?’ ಎಂದು ಮಗನನ್ನು ಕೇಳಿ. ಬ್ಲಾಕ್‌ಚೈನ್ ಎಲ್ಲರಿಗೂ ತೆರೆದ ಪುಸ್ತಕವಾದ್ದರಿಂದ ಅವನು ಅದನ್ನು ಹುಡುಕಿ ತೋರಿಸಬಲ್ಲ. ತೋರಿಸಲು ಅವನು ಪಡುವ ಶ್ರಮದಿಂದಲೇ ಅವನಿಗೂ ವಿಷಯ ಸ್ಪಷ್ಟವಾಗುತ್ತದೆ.

ತೆರಿಗೆಯ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಭಾರತದಲ್ಲಿ ಕ್ರಿಪ್ಟೋ ನಿಷಿದ್ಧವಲ್ಲ, ಅಧಿಕೃತ ಹಣವೂ ಅಲ್ಲ. ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಹಾಕಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೆಗೆದುಹಾಕಿತು. 2022ರ ಏಪ್ರಿಲ್ 1ರಿಂದ ಇದರ ಲಾಭಕ್ಕೆ ಶೇ 30ರಷ್ಟು ತೆರಿಗೆ ಮತ್ತು ಅದರ ಮೇಲೆ ಸೆಸ್ ಇದೆ. ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಯ ಮೊತ್ತದಲ್ಲಿ ಶೇ 1ರಷ್ಟು ಟಿಡಿಎಸ್ ಕಡಿತವಾಗುತ್ತದೆ. ಒಂದು ಟೋಕನ್‌ನಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ, ಮುಂದಿನ ವರ್ಷಕ್ಕೆ ಒಯ್ಯಲೂ ಬಿಡುವುದಿಲ್ಲ. ತೋಟದ ಹಣದಿಂದ ಕೊಂಡರೂ ಕೃಷಿ ಆದಾಯದ ವಿನಾಯಿತಿ ಈ ಲಾಭಕ್ಕೆ ಅನ್ವಯಿಸದು.

ಟೋಕನ್‌ಗಳನ್ನು ಎಕ್ಸ್‌ಚೇಂಜ್‌ನಲ್ಲೇ (ಅವನ್ನು ಕೊಡುಕೊಳ್ಳುವ ಆನ್‌ಲೈನ್ ಮಾರುಕಟ್ಟೆಯಲ್ಲೇ) ಇಟ್ಟರೆ ಆಗುವ ಅಪಾಯಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ: 2024ರ ಜುಲೈನಲ್ಲಿ ದೊಡ್ಡ ಎಕ್ಸ್‌ಚೇಂಜ್ ಒಂದರಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಆಸ್ತಿ ಕಳುವಾಯಿತು. ಗಮನಿಸಿ, ಆ ಆಸ್ತಿಯನ್ನು ಇಟ್ಟಿದ್ದ ವ್ಯಾಲೆಟ್ ಎಂಬ ಖಾತೆಯಿಂದ ಹಣ ತೆಗೆಯಲು ಹಲವರ ಸಹಿ ಬೇಕಿತ್ತು. ಕೀಲಿ ಹಂಚಿದ ಮಾತ್ರಕ್ಕೆ, ಸಹಿ ಹಾಕುವವರು ತಾವು ಏನಕ್ಕೆ ಸಹಿ ಹಾಕುತ್ತಿದ್ದೇವೆಂದು ಸರಿಯಾಗಿ ನೋಡದಿದ್ದರೆ, ರಕ್ಷಣೆ ಸಿಗುವುದಿಲ್ಲ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಸಲಹೆ ಸ್ಪಷ್ಟ. ಮುಂದಿನ ವರ್ಷದ ಗೊಬ್ಬರಕ್ಕೆ, ಕೂಲಿಗೆ, ಸಾಲದ ಕಂತಿಗೆ ಬೇಕಾದ ತೋಟದ ಹಣವನ್ನು ಇದಕ್ಕೆ ಹಾಕಬೇಡಿ. ಹೂಮಳೆ ಬಾರದೆ ಬೆಳೆ ಹಿಡಿಯದಿದ್ದರೆ ಅದೇ ಹಣ ನಿಮ್ಮನ್ನು ಕಾಯಬೇಕಾದದ್ದು. ಮಗನಿಗೆ ಈ ವಿದ್ಯೆಯಲ್ಲಿ ನಿಜವಾದ ಆಸಕ್ತಿಯಿದ್ದರೆ, ಪೂರ್ತಿ ಹೋದರೂ ಮನೆಗೆ ತೊಂದರೆಯಾಗದಷ್ಟು ತನ್ನದೇ ಉಳಿತಾಯದಲ್ಲಿ ಅವನು ಕೊಳ್ಳಲಿ. ಕೊಳ್ಳುವಾಗ ಅದೇ ಹೆಸರಿನ ನಕಲಿ ಟೋಕನ್ ಅಲ್ಲವೆಂದು ಕಾಂಟ್ರ್ಯಾಕ್ಟ್‌ನ ವಿಳಾಸವನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಲಿ. ತಿಂಗಳಿಗೆ ಇಷ್ಟು ಪರ್ಸೆಂಟ್ ಖಚಿತ ಎಂದು ಟೆಲಿಗ್ರಾಂನಲ್ಲಿ ಹೇಳುವವರ ಕೈಗೆ ಒಂದು ರೂಪಾಯಿಯನ್ನೂ ಕೊಡಬಾರದು. ಅಂಥವರಿಗೂ ಮೇಲೆ ವಿವರಿಸಿದ ಗಣಿತಕ್ಕೂ ಯಾವ ನಂಟೂ ಇಲ್ಲ.

ಈಗ ನಿಮ್ಮ ಗುಂಪಿನ ವಿಷಯಕ್ಕೆ ಬರುತ್ತೇನೆ. ಗುಟ್ಟಾದ ಲೆಕ್ಕ ಮೊತ್ತಮೊದಲು ದೊಡ್ಡ ಪ್ರಮಾಣದಲ್ಲಿ ಬಳಕೆಯಾದದ್ದು ಬ್ಯಾಂಕಿನಲ್ಲಲ್ಲ, ಸೈನ್ಯದಲ್ಲಲ್ಲ, ರೈತರ ನಡುವೆ. ಡೆನ್ಮಾರ್ಕ್‌ನಲ್ಲಿ ಸಕ್ಕರೆ ಬೀಟ್ ಕೊಳ್ಳುವ ಕಂಪನಿ ಒಂದೇ ಇತ್ತು, ಡ್ಯಾನಿಸ್ಕೊ. ಯುರೋಪಿನ ಒಕ್ಕೂಟ ಸಕ್ಕರೆಯ ಬೆಂಬಲ ಬೆಲೆಯನ್ನು ಇಳಿಸಿದ್ದರಿಂದ, ಎಷ್ಟು ಬೀಟ್ ಪೂರೈಸಬಹುದೆಂಬ ಒಪ್ಪಂದದ ಹಕ್ಕುಗಳನ್ನು ರೈತರು ತಮ್ಮತಮ್ಮಲ್ಲೇ ಕೊಡುಕೊಳ್ಳುವುದು ಅನಿವಾರ್ಯವಾಯಿತು. ಯಾವ ಬೆಲೆಗೆ ಎಷ್ಟು ಹಕ್ಕನ್ನು ಮಾರುತ್ತೇನೆ ಎಂದು ಹೇಳಿದರೆ ರೈತನ ಖರ್ಚೆಷ್ಟು, ಅವನ ಸ್ಥಿತಿ ಏನು ಎಂಬುದು ಕಂಪನಿಗೆ ತಿಳಿದುಹೋಗುತ್ತದೆ, ಮುಂದಿನ ಚೌಕಾಸಿಯಲ್ಲಿ ಅದನ್ನೇ ಬಳಸುತ್ತದೆ ಎಂಬ ಅಂಜಿಕೆ ರೈತರಿಗಿತ್ತು. ನಿಮ್ಮ ಗುಂಪಿನ ಮೌನಕ್ಕೂ ಬೇರೆ ಕಾರಣವಿರಲಾರದು. 2008ರ ಜನವರಿಯಲ್ಲಿ ಸುಮಾರು 1,200 ರೈತರು ತಮ್ಮ ಬಿಡ್‌ಗಳನ್ನು ಚೂರುಗಳಾಗಿ ಮಾಡಿ ಕಳುಹಿಸಿದರು. ಚೂರುಗಳನ್ನು ಹಿಡಿದ ಮೂರು ಕಂಪ್ಯೂಟರ್‌ಗಳಲ್ಲಿ ಒಂದು ಡ್ಯಾನಿಸ್ಕೊ ಕಡೆಯದು, ಒಂದು ಬೀಟ್ ಬೆಳೆಗಾರರ ಸಂಘದ್ದು, ಇನ್ನೊಂದು ಸಂಶೋಧಕರದು. ಸುಮಾರು ಅರ್ಧ ಗಂಟೆಯ ಲೆಕ್ಕದ ನಂತರ ಎಲ್ಲರಿಗೂ ಒಪ್ಪುವ ಒಂದು ಬೆಲೆ ಹೊರಬಂತು; ಸುಮಾರು 25,000 ಟನ್‌ನ ಹಕ್ಕುಗಳು ಕೈ ಬದಲಾಯಿಸಿದವು. ಯಾರ ಬಿಡ್ ಎಷ್ಟೆಂದು ಯಾರಿಗೂ ತಿಳಿಯಲಿಲ್ಲ. ಆಗ ಬಿಟ್‌ಕಾಯಿನ್ ಕೂಡ ಹುಟ್ಟಿರಲಿಲ್ಲ.

ನಿಮಗೂ ಟೋಕನ್ ಬೇಕಿಲ್ಲ, ಬ್ಲಾಕ್‌ಚೈನ್ ಬೇಕಿಲ್ಲ. ಚೂರುಗಳನ್ನು ಹಿಡಿಯುವ ಮೂರು ಕಂಪ್ಯೂಟರ್‌ಗಳು, ಅವು ಮೂರೂ ಒಟ್ಟಾಗಿ ಕೈಜೋಡಿಸಲಾರವೆಂದು ನೀವು ನಂಬಬಹುದಾದ ಮೂವರ ಬಳಿ ಇರುವುದು, ಇಷ್ಟೇ ಬೇಕಾದದ್ದು. ಬೆಲೆಯ ಸರಾಸರಿಗಿಂತ ತೂಕಕ್ಕೆ ತಕ್ಕ ಸರಾಸರಿ ನಿಮಗೆ ಹೆಚ್ಚು ಉಪಯುಕ್ತ: ಪ್ರತಿಯೊಬ್ಬರೂ ತಮ್ಮ ಬೆಲೆಯನ್ನು ಚೀಲಗಳ ಸಂಖ್ಯೆಯಿಂದ ಮನೆಯಲ್ಲೇ ಗುಣಿಸಿ ಆ ಮೊತ್ತವನ್ನೂ ಚೀಲಗಳ ಸಂಖ್ಯೆಯನ್ನೂ ಚೂರು ಮಾಡಿ ಕಳುಹಿಸಿದರೆ, ಕೇಂದ್ರದಲ್ಲಿ ಕೂಡುವ ಸುಲಭದ ಕೆಲಸವೊಂದೇ ಉಳಿಯುತ್ತದೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಎಂದು ನಾಲ್ಕು ಲೆಕ್ಕ ಬೇರೆಬೇರೆ ಇಡಬೇಕು. ಚೆರ್ರಿಯಲ್ಲಿ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿಯಲ್ಲಿ) ಔಟ್‌ಟರ್ನ್, ಎಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ, ಬೇರೆಯಾದರೆ ಬೆಲೆಯೂ ಬೇರೆಯಾಗುವುದರಿಂದ ಅದನ್ನೂ ಕೇಳಬೇಕು.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. ಈ ವಿದ್ಯೆ ಒಳಗೆ ಹೋದದ್ದನ್ನು ಮುಚ್ಚುತ್ತದೆ, ಹೊರಗೆ ಬಂದ ಉತ್ತರ ಏನನ್ನು ಬಿಟ್ಟುಕೊಡುತ್ತದೆಂಬುದನ್ನು ಮುಚ್ಚುವುದಿಲ್ಲ. ನನ್ನ ಉದಾಹರಣೆಯಲ್ಲಿ ಮೂಡಿಗೆರೆಯವರೂ ಸಕಲೇಶಪುರದವರೂ ತಮ್ಮತಮ್ಮ ಬೆಲೆಯನ್ನು ಪರಸ್ಪರ ಹೇಳಿಕೊಂಡರೆ, 75,300ರಲ್ಲಿ ಕಳೆದು ಬೇಲೂರಿನವರದು 25,800 ಎಂದು ಕ್ಷಣದಲ್ಲಿ ಕಂಡುಕೊಳ್ಳುತ್ತಾರೆ. ಆದ್ದರಿಂದ ಒಂದು ಲೆಕ್ಕದಲ್ಲಿ ಇಪ್ಪತ್ತು ಮಂದಿಯಾದರೂ ಸೇರುವವರೆಗೆ ಉತ್ತರ ಹೊರಬಿಡಬೇಡಿ ಎನ್ನುತ್ತೇನೆ. ಇನ್ನೊಂದು, ಯಾರಾದರೂ ಸುಳ್ಳು ಬೆಲೆ ಬರೆದರೆ ಗಣಿತ ಅದನ್ನು ಹಿಡಿಯಲಾರದು. ಚೂರು ಸರಿಯಾಗಿ ಕೂಡಿತೇ ಎಂಬುದಷ್ಟೇ ಅದಕ್ಕೆ ಗೊತ್ತು. ಅದನ್ನು ನಿಮ್ಮ ನಿಮ್ಮೊಳಗಿನ ವಿಶ್ವಾಸವೇ ಕಾಯಬೇಕು.

ಮೂರು ಕಂಪ್ಯೂಟರ್‌ಗಳಲ್ಲಿ ಒಂದು ನಿಮ್ಮ ಗುಂಪಿನದಾಗಿರಲಿ, ಇನ್ನೊಂದನ್ನು ನಿಮಗೆ ಬೇಕಾದ ಬೇರೆ ತಾಲ್ಲೂಕಿನ ಬೆಳೆಗಾರರು ಹಿಡಿಯಲಿ. ಮೂರನೆಯದನ್ನು ನನ್ನ ವಿದ್ಯಾರ್ಥಿಗಳು ಹಾಸನದಲ್ಲಿ ನೋಡಿಕೊಳ್ಳಬಲ್ಲರು, ಪ್ರೋಗ್ರಾಮನ್ನೂ ಬರೆದುಕೊಡಬಲ್ಲರು. ಬರೆದದ್ದನ್ನು ಓದಿ ಪರೀಕ್ಷಿಸುವ ಹೊಣೆಯನ್ನು ನಿಮ್ಮ ಮಗ ವಹಿಸಿಕೊಳ್ಳಲಿ. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗುವುದರಿಂದ, ಅದಕ್ಕೆ ಮುನ್ನ ಒಂದು ಭಾನುವಾರ ನಿಮ್ಮ ಗುಂಪಿನವರನ್ನು ಕರೆದುಕೊಂಡು ಬನ್ನಿ. ಮೊದಲ ಸಲ ಕಂಪ್ಯೂಟರ್ ಇಲ್ಲದೆ, ಹಾಳೆ ಪೆನ್ನು ಹಿಡಿದು, ಹಳೆಯ ವರ್ಷದ ಬೆಲೆಗಳಿಂದಲೇ ಮಾಡಿ ನೋಡೋಣ.